ನೀರುಹಲ್ಲಿ ಎಣ್ಣೆ, ಬಂಡೆ ಪಾಚಿ

ಕಾಲು ಚಾಚ್ಕೊ ಕಂದಾ, ಕಣ್ಣು ಮುಚ್ಚಿಕೊಂಡೇ ಕೇಳು. ನಮ್ಮಜ್ಜಿಯ ಅಜ್ಜಿಗಿಂತ ಹಿಂದಿನ ಕಾಲದಲ್ಲಿ ಗುಡ್ಡದ ಮೇಲೊಂದು ಊರಿತ್ತಂತೆ. ಅಲ್ಲಿ ಹಾಲಯ್ಯ ಅಂತ ಒಬ್ಬ ನಾಟಿ ವೈದ್ಯ, ಅವನ ಅಕ್ಕ ಗಿರಿಯವ್ವನ ಜೊತೆ ಇದ್ದನಂತೆ. ಊರಾಚೆ ಒರತೇಲಿ ನೀರುಹಲ್ಲಿ ಅಂತ ಒಂದು ಪ್ರಾಣಿ, ನೋಡೋಕೆ ಹಲ್ಲಿ, ಮೈ ಮುಟ್ಟಿದರೆ ಕಪ್ಪೆ ಹಾಗೆ ತಣ್ಣಗೆ. ಅದನ್ನ ಕಾಯಿಸಿ ಹಾಲಯ್ಯ ಸುಟ್ಟಗಾಯಕ್ಕೆ ಎಣ್ಣೆ ಮಾಡ್ತಿದ್ದನಂತೆ. ಗಿರಿಯವ್ವ, ತಮ್ಮಾ, ಅಲ್ಲೇ ಬಂಡೆ ಮೇಲಿರೋ ಪಾಚಿ ಸಾಕು ಕಣೋ, ಅವ್ವ ಅದನ್ನೇ ಕಟ್ತಿದ್ದಳು, ಆ ಜೀವಾನ ಯಾಕೆ ಕೊಲ್ತೀಯ ಅಂತಿದ್ದಳಂತೆ. ಇವನು, ಕಾಲಿಟ್ಟರೆ ಬೀಳಿಸೋ ಪಾಚಿಗೆ ಏನು ಗುಣ ಇದ್ದೀತು ಅಂತ ಎಲ್ಲರೆದುರು ನಗ್ತಿದ್ದನಂತೆ.

ಹೀಗಿರೋವಾಗ ಕಮ್ಮಾರರ ಹುಡುಗಿ ಮೋನವ್ವ ಕುಲುಮೆ ಹತ್ರ ಮುಗ್ಗರಿಸಿ ಎರಡೂ ಅಂಗೈ ಸುಟ್ಟುಕೊಂಡಳಂತೆ. ಊರಗೌಡ, ಒಂದು ಕೈಗೆ ಎಣ್ಣೆ ಹಾಕು, ಇನ್ನೊಂದಕ್ಕೆ ಪಾಚಿ ಕಟ್ಟು, ಮೂರನೇ ದಿನ ಬಿಚ್ಚಿ ನೋಡೋಣ ಅಂದನಂತೆ. ಗಿರಿಯವ್ವ ಪಾಚಿ ತಂದುಕೊಟ್ಟಳು, ಕಟ್ಟಿದ್ದು ಹಾಲಯ್ಯ ಒಬ್ಬನೇ, ಯಾವ ಕೈಗೆ ಯಾವುದು ಅಂತ ಅವನಿಗೂ ಆ ಹುಡುಗಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೊದಲನೇ ದಿನ ಪಾಚಿ ಕಟ್ಟಿದ ಎಡಗೈ ಉರಿ ಇಳೀತಂತೆ. ಎರಡನೇ ದಿನ ಎಣ್ಣೆ ಹಚ್ಚಿದ ಬಲಗೈ ಕೀವು ಕಟ್ಟಿತಂತೆ. ಮೂರನೇ ದಿನ ಊರವರು ಬರೋಕೆ ಮುಂಚೆ ಹಾಲಯ್ಯ ಏನು ಮಾಡಿದ ಗೊತ್ತಾ, ಎರಡೂ ಬಿಚ್ಚಿ, ಆ ಕೈದು ಈ ಕೈಗೆ, ಈ ಕೈದು ಆ ಕೈಗೆ ಕಟ್ಟಿ, ಯಾರಿಗೂ ಹೇಳಬೇಡ ಮಗಳೇ ಅಂದನಂತೆ.

ಆಮೇಲೆ ಗೌಡ ಬಂದು ನೋಡಿ ಎಣ್ಣೇನೇ ಗೆದ್ದಿತು ಅಂದ. ಗಿರಿಯವ್ವ ತಲೆ ತಗ್ಗಿಸಿ ಒಳಗೆ ಹೋದಳಂತೆ. ಅವತ್ತಿಂದ ಹಾಲಯ್ಯ ಅಕ್ಕ ಬಡಿಸಿದ ಮುದ್ದೇನ ಅರ್ಧಕ್ಕೇ ಬಿಟ್ಟು ಏಳ್ತಿದ್ದನಂತೆ. ಊರವರು ಎಣ್ಣೆಗೆ ಅಂತ ಒರತೆಗೆ ನುಗ್ಗಿ ನೀರುಹಲ್ಲಿ ಹಿಡಿದೂ ಹಿಡಿದೂ ಕೊನೆಗೆ ನಾಲ್ಕೈದೇ ಉಳಿದವಂತೆ.

ಆಮೇಲೆ ಮೋನವ್ವನ ಪುಟ್ಟ ತಮ್ಮನ ಕಾಲಿಗೆ ಬಿಸಿಗಂಜಿ ಬಿತ್ತಂತೆ. ತಾಯಿ ಕೂಸನ್ನ ಎತ್ಕೊಂಡು ಓಡಿ ಬಂದು, ಅಯ್ಯಾ ಆ ಎಣ್ಣೆ ಕೊಡಿ ಅಂದಳು. ಹಿಂದೆ ಮೋನವ್ವ, ಬಲಗೈನ ಬೆನ್ನ ಹಿಂದೆ ಮರೆಮಾಡ್ಕೊಂಡು, ಹಾಲಯ್ಯನ ಮುಖಾನೇ ನೋಡ್ತಾ ನಿಂತಳಂತೆ. ಕೊಟ್ಟ ಮಾತಿಗೆ ಸುಮ್ಮನಿದ್ದಾಳೆ ಹುಡುಗಿ. ಹಾಲಯ್ಯ ಕೈಗೆ ತಗೊಂಡಿದ್ದ ಎಣ್ಣೆ ಕುಡಿಕೇನ ಕೆಳಗಿಟ್ಟನಂತೆ.

ಎಣ್ಣೆ ಬೇಡ ತಾಯಿ, ಅವತ್ತು ಮೋನವ್ವನ ಕೈ ವಾಸಿ ಮಾಡಿದ್ದು ಪಾಚಿ, ನಾನೇ ಬದಲಾಯಿಸಿ ಕಟ್ಟಿದೆ, ಈ ಹುಡುಗಿ ಬಾಯೀನೂ ಕಟ್ಟಿದೆ ಅಂತ ಅತ್ತನಂತೆ.

ಅಕ್ಕ ಬೈದಳಾ ಅಂತೀಯಾ? ಇಲ್ಲ. ಮೊದಲು ಓಡಿಹೋಗಿ ಪಾಚಿ ತಾ, ಆಮೇಲೆ ಅಳುವಿಯಂತೆ ಅಂದಳು.

ಕೂಸಿನ ಕಾಲು ವಾಸಿಯಾಯ್ತು, ಮೋನವ್ವನ ಬಲಗೈನೂ ಮಾಯ್ತು, ಕಿರುಬೆರಳು ಮಾತ್ರ ಸೊಟ್ಟಗೆ ಉಳೀತು. ಒರತೇಲಿ ನೀರುಹಲ್ಲಿ ಮತ್ತೆ ತುಂಬಿದವಂತೆ. ಹಾಲಯ್ಯ ಮಾತ್ರ ಆ ಹುಡುಗಿ ಎದುರಾದರೆ ನೆಲ ನೋಡ್ತಿದ್ದನಂತೆ. ಒಂದಿನ ಅವಳೇ ಬಂದು ಸೊಟ್ಟ ಬೆರಳಿನ ಕೈಯನ್ನ ಅವನ ತೊಡೆ ಮೇಲಿಟ್ಟು, ನೋವಿಲ್ಲ ತಾತ, ನೋಡು ಅಂದಳಂತೆ. ಆಗ ನೋಡಿದನಂತೆ.

ಕತೆ ಅಷ್ಟೇ ಕಂದಾ, ಈಗ ಮಗ್ಗುಲಾಗು.