ಪ್ಯಾನೆಲ್ ಮೇಲಿನ ಸಂಡಿಗೆ

ಚೆನ್ನಾಗಿ ಬಿಸಿಯಾಗಿದೆಯೆಂದು ಚಂಪಕ್ಕ ತಾರಸಿಯ ಸೋಲಾರ್ ಪ್ಯಾನೆಲ್ ಮೇಲೆಯೇ ಸಂಡಿಗೆ ಇಟ್ಟರು. ಸಂಜೆ ಮೆಟ್ಟಿಲ ಕೆಳಗಿನ ಬ್ಯಾಟರಿ ಕೇಳಿತು:

"ನನಗೆ ಅರ್ಧ ಹೊಟ್ಟೆಯೂ ತುಂಬಿಲ್ಲ. ಆರು ಗಂಟೆಯಿಂದ ಕರೆಂಟಿನ ದರ ದುಪ್ಪಟ್ಟು. ಮನೆಯವರಿಗೆ ಏನು ಕೊಡಲಿ?"

"ಮೈತುಂಬ ಸಂಡಿಗೆಯಿತ್ತು, ಬಿಸಿಲೇ ತಾಗಲಿಲ್ಲ. ಚಂಪಕ್ಕನಿಗೆ ಬೇಡವೆನ್ನಲು ಮನಸ್ಸಾಗಲಿಲ್ಲ," ಎಂದಿತು ಪ್ಯಾನೆಲ್.

"ನಿನ್ನ ದಾಕ್ಷಿಣ್ಯಕ್ಕೆ ಮನೆಯೆಲ್ಲ ಕತ್ತಲಲ್ಲಿ ಕೂರಬೇಕು," ಎಂದು ಬ್ಯಾಟರಿ ಗೊಣಗಿತು.

ಬೆಳಿಗ್ಗೆ ಪ್ಯಾನೆಲ್ ಅಳುಕುತ್ತಲೇ ವಿಚಾರಿಸಿತು: "ನಿನ್ನೆ ಹೇಗಾಯಿತು?"

ಬ್ಯಾಟರಿ ಹೇಳಿತು: "ಚಂಪಕ್ಕ ಟಿವಿ, ಕೋಣೆಗಳ ದೀಪ ಎಲ್ಲ ಆರಿಸಿ ನಡುಮನೆಯದೊಂದನ್ನೇ ಉಳಿಸಿದರು. ಮಕ್ಕಳು, ದೊಡ್ಡವರು ಎಲ್ಲ ಅದರ ಕೆಳಗೆ ಕೂತು, ಹರಟುತ್ತಾ ಅರ್ಧ ಒಣಗಿದ ಸಂಡಿಗೆಯನ್ನೇ ತಿಂದು ಮುಗಿಸಿದರು. ಇವತ್ತೂ ಸಂಡಿಗೆ ಇಡುತ್ತಾರಾ ನೋಡು. ಇಟ್ಟರೆ ಬೇಡವೆನ್ನಬೇಡ."