ಅಚ್ಚಿನ ಹೂದಾನಿಗೆ ಹಲ್ಲಿಯ ಸಾಕ್ಷಿ

ಒಮ್ಮೆ ಲೊಚಗುಟ್ಟಿದರೆ ಆಯುಷ್ಯಪೂರ್ತಿ ಪುಕ್ಕಟೆ ಮನೆ: ನಡುಮನೆಯ ಹೂದಾನಿ ಚಿತ್ರ, ತನ್ನ ಬೆನ್ನಿಗೆ ವಾಸಕ್ಕೆ ಬಂದ ಹಲ್ಲಿಗೆ ಹೇಳಿದ ವ್ಯಾಪಾರವಿದು.

"ನಾನು ಫ್ರಾನ್ಸಿನ ಕಲಾವಿದ ಕೈಯಾರೆ ಬರೆದ ಅಸಲಿ ಎಂದು ಯಜಮಾನ ಹೇಳಿದಾಗ ನೀನು ಲೊಚಗುಟ್ಟಬೇಕು."

"ನಿನ್ನ ಬೆನ್ನ ಮೇಲೆ ಪ್ರೆಸ್ಸಿನ ಮೊಹರಿದೆಯಲ್ಲ, ಮಾರಾಯ್ತಿ," ಎಂದಿತು ಹಲ್ಲಿ.

"ಹಲ್ಲಿ ನುಡಿದರೆ ನಂಬುವ ಜನ ಮೊಹರು ನೋಡುತ್ತಾರೆಯೇ?"

ಹಲ್ಲಿಗೆ ಮಾತು ಹಿಡಿಸಿತು. ಸಂಜೆ ನೆಂಟರ ಮುಂದೆ ಯಜಮಾನ ಚೆನ್ನವೀರಪ್ಪ ಜಂಬ ಕೊಚ್ಚಿದ, ಹಲ್ಲಿ ಲೊಚಗುಟ್ಟಿತು. "ಕೃಷ್ಣ ಕೃಷ್ಣ, ಸತ್ಯವೇ ಅಂತೆ," ಎಂದು ನೆಂಟರು ನೆಲ ಕುಟ್ಟಿದರು. ಸುಳ್ಳು ಹೇಳಿದ ಯಜಮಾನನೂ ನಂಬಿಬಿಟ್ಟ.

"ಇಷ್ಟು ಬೆಲೆಯದ್ದನ್ನು ಯಾರಾದರೂ ಗೋಡೆಗೆ ನೇತುಹಾಕುತ್ತಾರೆಯೇ?" ಎನ್ನುತ್ತ ಅವನ ಹೆಂಡತಿ ಚಿತ್ರವನ್ನು ಇಳಿಸಿ, ಹಳೆ ಸೀರೆಯಲ್ಲಿ ಸುತ್ತಿ, ಟ್ರಂಕಿನೊಳಗಿಟ್ಟು ಬೀಗ ಜಡಿದಳು.

ಕೂಡಿ ಕಳೆದು ನೋಡಿದರೆ, ಚಿತ್ರಕ್ಕೆ ದಕ್ಕಿದ್ದು ನುಸಿಗುಳಿಗೆಯ ವಾಸನೆ, ಹಲ್ಲಿಗೆ ದಕ್ಕಿದ್ದು ಬೋಳು ಮೊಳೆ.