ಕತ್ತೆಹೊಂಡದ ಈಶಾನ್ಯ ಮೂಲೆ

ಕಣಜದುರ್ಗದ ಕೋಟೆಯಿಂದ ಇಳಿದು ಹುಣಿಸೆ ತೋಪು ದಾಟಿದರೆ ಕತ್ತೆಹೊಂಡ ಸಿಗುತ್ತದೆ. ಹೆಸರು ಕೇಳಿದವರು ಮೊದಲು ನಗುತ್ತಾರೆ. ಹೊಂಡವನ್ನು ಕಣ್ಣಾರೆ ಕಂಡ ಮೇಲೆ, ಇಷ್ಟು ಚೆಲುವಾದದ್ದಕ್ಕೆ ಇಂಥ ಹೆಸರಿಟ್ಟ ಪುಣ್ಯಾತ್ಮ ಯಾರು ಎಂದು ಕೇಳುತ್ತಾರೆ. ನಾಲ್ಕೂ ಕಡೆಯಿಂದ ಸಾಲುಸಾಲಾಗಿ ಇಳಿದುಬರುವ ಮೆಟ್ಟಿಲುಗಳು, ಅವುಗಳ ಕೆಳಗೆ ಬಾವಿಯಂತೆ ನೇರ ಇಳಿದ ಕಲ್ಲಿನ ಗೋಡೆ, ಮೂರು ಮೂಲೆಗಳಲ್ಲಿ ಬಳ್ಳಿಯ ಕೆತ್ತನೆ. ಈಶಾನ್ಯದ ಮೂಲೆಯೊಂದರಲ್ಲಿ ಮಾತ್ರ ಉಳಿ ಸೋಕದ ಒರಟು ಚಪ್ಪಡಿಗಳು ದಂಡೆಯಿಂದ ತಳದವರೆಗೆ ಇಳಿಜಾರಾಗಿ ಬಿದ್ದುಕೊಂಡಿವೆ. ಪ್ರತಿ ವರ್ಷ ಮಳೆಗಾಲ ಮುಗಿಯುತ್ತಲೇ, ಉದ್ಯಾನ, ಕೆರೆಕಟ್ಟೆಗಳ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಬಸ್ಸಿನಲ್ಲಿ ಬಂದು, ಟೇಪು ಹಿಡಿದು ಅಳೆದು, ಮೆಟ್ಟಿಲ ಮೇಲೆ ಕುಳಿತು ಚಿತ್ರ ಬರೆದುಕೊಳ್ಳುತ್ತಾರೆ. ಹೊಂಡದ ಪಕ್ಕದಲ್ಲೇ ಮನೆಯಿರುವ ಕರಿಬಸಜ್ಜ ಅವರು ಅಳೆದು ಮುಗಿಸುವವರೆಗೂ ತುಟಿ ಬಿಚ್ಚುವುದಿಲ್ಲ. ಮುಗಿದ ಮೇಲೆ ಯಾರದಾದರೂ ಹಾಳೆ ಈಸಿಕೊಂಡು ಆ ಮೂಲೆಯನ್ನು ಹೇಗೆ ಬರೆದಿದ್ದಾರೆಂದು ನೋಡುತ್ತಾನೆ. ಕಥೆ ಶುರುವಾಗುವುದು ಆಮೇಲೆ.

ಹಿಂದೆ ಒಮ್ಮೆ, ಕಣಜದುರ್ಗವನ್ನು ಪಾಳೆಯಗಾರ ನಾಯಕರು ಆಳುತ್ತಿದ್ದ ಕಾಲದಲ್ಲಿ, ಕಾಳೋಜನೆಂಬ ಎಳೆಯ ಕಲ್ಲುಕುಟಿಗನಿದ್ದನಂತೆ. ಅಪ್ಪನ ಕೈಕೆಳಗೆ ಉಳಿ ಹಿಡಿಯುವುದನ್ನು ಕಲಿತವನು. ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ರಾಣಿಯ ಹೂದೋಟದ ನಡುವೆ ಒಂದು ಹೊಂಡ ಆಗಬೇಕೆಂದು ನಾಯಕರು ಅವನನ್ನು ಕರೆಸಿ, ನಾಲ್ಕು ಊರು ಸುತ್ತಿ ಒಳ್ಳೆಯದನ್ನು ನೋಡಿ ಬಾ ಎಂದು ಕಳುಹಿಸಿದರು. ಕಾಳೋಜ ಗಂಟು ಹಾಕಿದ ಅಳತೆಯ ಹಗ್ಗವನ್ನೂ, ಬಳಪದಲ್ಲಿ ಬರೆಯುವ ಕಪ್ಪು ಬಟ್ಟೆಯ ಕಡತವನ್ನೂ ಹೆಗಲಿಗೇರಿಸಿ ಹೊರಟ. ದೇವಾಲಯಗಳ ಕೊಳ ಕಂಡ, ಅರಸರ ತೋಟ ಕಂಡ, ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಬಿಳಿಗಲ್ಲೂರಿನ ಹೊಂಡದ ಮುಂದೆ ನಿಂತಾಗ ಅವನ ಕಾಲು ಮುಂದೆ ಹೋಗಲಿಲ್ಲ. ಮಳೆಗಾಲ ಆಗಷ್ಟೇ ಮುಗಿದಿತ್ತು. ನೀರು ಮೆಟ್ಟಿಲುಗಳ ಅರ್ಧದವರೆಗೆ ತುಂಬಿ ಆಕಾಶವನ್ನೇ ಹಾಸಿಕೊಂಡಿತ್ತು. ಒಂದೇ ದಿನದಲ್ಲಿ ಕಂಡಷ್ಟನ್ನೂ ಅಳೆದು ಮುಗಿಸಿದ. ಒಂದು ಮೂಲೆಯಲ್ಲಿ ಒರಟು ಕಲ್ಲುಗಳು ನೀರಿನೊಳಕ್ಕೆ ಜಾರಿಕೊಂಡಂತಿದ್ದವು. ಕಾವಲಿನ ಮುದುಕ ಸಿದ್ದಪ್ಪಜ್ಜ ಅಲ್ಲೇ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದ, ಕೇಳಿದ್ದರೆ ಹೇಳುತ್ತಿದ್ದ. ಕಾಳೋಜ ಕೇಳಲಿಲ್ಲ. ಕಡತದಲ್ಲಿ ತಾನೇ ಬರೆದುಕೊಂಡ: ‘ಈ ಮೂಲೆ ಕುಸಿದಿದೆ. ನಮ್ಮಲ್ಲಿ ನೇರ ಮಾಡುವುದು.’ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವನೂ ಕೇಳಿದ್ದನು. ಆದರೆ ಗಾದೆಗಳು ಪಕ್ಕದ ಮನೆಯವರಿಗಾಗಿ ಹುಟ್ಟಿದವು ಎಂದೇ ನಾವೆಲ್ಲ ತಿಳಿದಿರುತ್ತೇವಲ್ಲ!

ಕಣಜದುರ್ಗಕ್ಕೆ ಮರಳಿದವನೇ ಕೆಲಸ ಶುರುಮಾಡಿದ. ಮಣ್ಣು ಅಗೆಯಲು ಬೋವಿಗಳ ತಂಡ ಬಂದು ತೋಪಿನಲ್ಲಿ ಬಿಡಾರ ಹೂಡಿತು. ತಂಡದಲ್ಲಿ ಪಾಲಕ್ಕ ಎಂಬ ಹೆಂಗಸಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಅವಳಿಗಿದ್ದದ್ದು ಒಂದು ಬೂದು ಬಣ್ಣದ ಕತ್ತೆ. ಹೊಂಡದ ಈಶಾನ್ಯ ಮೂಲೆಯಲ್ಲಿ ಇಳಿಜಾರಾಗಿ ಬಿಟ್ಟ ಮಣ್ಣಿನ ದಾರಿಯಲ್ಲಿ ಆ ಕತ್ತೆ ಬರಿಬೆನ್ನಿನಲ್ಲಿ ಇಳಿಯುವುದು, ಮಣ್ಣಿನ ಚೀಲ ಹೊತ್ತು ಹತ್ತುವುದು. ಹೀಗೇ ಎಂಟು ತಿಂಗಳು. ಕೊನೆಕೊನೆಗೆ ಅದಕ್ಕೆ ಹಗ್ಗವೂ ಬೇಕಾಗಿರಲಿಲ್ಲ, ಒಬ್ಬರು ಹೊಡೆಯುವುದೂ ಬೇಕಾಗಿರಲಿಲ್ಲ. ಮೂರು ಕಡೆ ಕಲ್ಲು ಕೂತ ಮೇಲೆ ಕಾಳೋಜ ಆ ಮಣ್ಣಿನ ದಾರಿಯನ್ನು ಕಡಿಯಲು ಹೇಳಿದಾಗ, ಪಾಲಕ್ಕ ಬುಟ್ಟಿ ಕೆಳಗಿಟ್ಟು ಕೇಳಿದಳು.

“ಅಲ್ಲ ಓಜಪ್ಪ, ನೀರು ಕೆಳಕ್ಕಿಳಿದಾಗ ಒಳಕ್ಕೆ ಬಿದ್ದ ಜೀವ ಎತ್ಲಾಗಿಂದ ಹತ್ತಿ ಬತ್ತೈತೆ? ಈ ದಾರಿ ಇರ್ಲಿ ಬಿಡು. ಇದರ ಮ್ಯಾಲೇ ನಾಕು ಚಪ್ಪಡಿ ಹಾಸಿದ್ರಾತು.”

“ರಾಣಿಯವರ ಹೊಂಡಕ್ಕೆ ಯಾರು ಬಂದು ಬೀಳ್ತಾರೆ ಪಾಲಕ್ಕ? ನೀನು ಮಣ್ಣು ಹೊರು, ಕಲ್ಲಿನ ಚಿಂತೆ ನನಗಿರಲಿ” ಎಂದು ಕಾಳೋಜ ನಕ್ಕ. ಸುತ್ತಲಿದ್ದವರೂ ನಕ್ಕರು. ಅವಳು ಬುಟ್ಟಿ ಎತ್ತಿಕೊಂಡಳು. ದಾರಿ ಕಡಿದದ್ದಾಯಿತು, ಆ ಜಾಗದಲ್ಲಿ ಗೋಡೆ ಎದ್ದಿತು. ಮೇಲಿನ ಮೂಲೆಗಲ್ಲಿನಲ್ಲಿ ಕಾಳೋಜ ತನ್ನ ಜೀವಮಾನದಲ್ಲೇ ಚೆಲುವಾದ ಬಳ್ಳಿಯನ್ನು ಕೆತ್ತಿದ. ನಾಯಕರು ಮೆಚ್ಚಿ ಅವನ ಕೈಗೆ ಬಂಗಾರದ ಕಡಗ ತೊಡಿಸಿ, ಹೊಂಡಕ್ಕೆ ರಾಣಿವಿಲಾಸ ಎಂದು ಹೆಸರಿಟ್ಟರು.

ಬೇಸಿಗೆ ಬಂತು. ನೀರು ಮೆಟ್ಟಿಲುಗಳನ್ನು ಬಿಟ್ಟು ಕೆಳಗಿನ ಗೋಡೆಯೊಳಗೆ ಎರಡಾಳು ಇಳಿಯಿತು. ಬೋವಿಗಳು ಕಾಲುವೆಯ ಕೆಲಸಕ್ಕೆಂದು ಇನ್ನೂ ತೋಪಿನಲ್ಲೇ ಇದ್ದರು. ಒಂದು ಮಧ್ಯಾಹ್ನ ಮೇಯಲು ಬಿಟ್ಟ ಪಾಲಕ್ಕನ ಕತ್ತೆ ಬಾಯಾರಿ, ತನಗೆ ಗೊತ್ತಿದ್ದ ಮೂಲೆಗೇ ಬಂದು, ಮೆಟ್ಟಿಲು ಇಳಿದು, ಅಲ್ಲಿಂದ ಮುಂದೆ ದಾರಿಯಿದೆಯೆಂದೇ ಕಾಲಿಟ್ಟಿತು. ಕೂಗು ಕೇಳಿ ಕಾಳೋಜ ಓಡಿಬಂದಾಗ ಅದು ಈಜುತ್ತಿತ್ತು. ಅತ್ತ ಹೋಗುವುದು, ಇತ್ತ ಹೋಗುವುದು, ಮತ್ತೆ ತಿರುಗಿ ಈಶಾನ್ಯ ಮೂಲೆಗೇ ಬಂದು ನಯವಾದ ಕಲ್ಲಿಗೆ ಮುಂಗಾಲು ಹಚ್ಚುವುದು. ಗೊರಸು ಜಾರುತ್ತಿತ್ತು. ಹಗ್ಗ ತರುವಷ್ಟರಲ್ಲಿ ಏಳೆಂಟು ಸಲ ಅಲ್ಲಿಗೇ ಬಂದಿತು. ಹಗ್ಗ ತಂದ ಮೇಲೆ ಬರಲಿಲ್ಲ. ಮೇಲಕ್ಕೆಳೆದು ಮಲಗಿಸಿದ ಕತ್ತೆಯ ಒದ್ದೆ ಕಿವಿಯನ್ನು ಪಾಲಕ್ಕ ಸೆರಗಿನಿಂದ ಒರೆಸಿದಳು. ಅವಳು ಮಣ್ಣು ತೂರಿ ಶಪಿಸಿದ್ದರೆ ಕಾಳೋಜನಿಗೆ ಸ್ವಲ್ಪವಾದರೂ ಹಗುರಾಗುತ್ತಿತ್ತು. ಅವಳು ಶಪಿಸಲಿಲ್ಲ.

“ದಾರಿ ಹುಡುಕ್ತಾ ಇತ್ತು ಕಣಪ್ಪ, ಅಷ್ಟೇ. ಅದು ಹತ್ತಿದ ದಾರಿ ಅಲ್ಲೇ ಇತ್ತಲ್ಲ” ಎಂದಳು. ಎರಡು ದಿನದಲ್ಲಿ ಬಿಡಾರ ಎದ್ದುಹೋಯಿತು.

ಒಂದು ಕತ್ತೆ ಸತ್ತದ್ದಕ್ಕೆ ಹೊಂಡ ಶುದ್ಧಿ ಮಾಡಿಸಿದರಾಯಿತು ಎಂದರು ನಾಯಕರು. ಶುದ್ಧಿಯೂ ಆಯಿತು. ಆದರೆ ಕಾಳೋಜನಿಗೆ ಅನ್ನ ಸೇರದಾಯಿತು. ಕಣ್ಣು ಮುಚ್ಚಿದರೆ ಕಲ್ಲಿನ ಮೇಲೆ ಗೊರಸು ಜಾರುವ ಸದ್ದು. ಕಲ್ಲಿಗೆ ಅಷ್ಟು ನಯ ತಂದದ್ದು ತನ್ನ ಕೈಯೇ, ಕೇಳಿದವಳನ್ನು ನಕ್ಕು ಕಳಿಸಿದ್ದು ತನ್ನ ಬಾಯಿಯೇ. ಸುಡುಬಿಸಿಲಿನಲ್ಲಿ ಮತ್ತೆ ಬಿಳಿಗಲ್ಲೂರಿಗೆ ನಡೆದುಹೋದ. ಅಲ್ಲಿಯೂ ನೀರು ತಳ ಸೇರಿತ್ತು. ಅವನು ಕುಸಿದಿದೆ ಎಂದು ಬರೆದುಕೊಂಡಿದ್ದ ಮೂಲೆ ದಂಡೆಯಿಂದ ತಳದವರೆಗೂ ಇಳಿದಿತ್ತು. ಎರಡು ಕರುಗಳು ಅದರ ಮೇಲೆ ನಡೆದುಹೋಗಿ ನೀರು ಕುಡಿದು ಹತ್ತಿ ಬಂದವು. ಸಿದ್ದಪ್ಪಜ್ಜ ಅವನ ಗುರುತು ಹಿಡಿದ.

“ಅವು ಬಿದ್ದ ಕಲ್ಲಲ್ಲಪ್ಪ, ಹಂಗೇ ಇಟ್ಟಿರೋ ಕಲ್ಲು. ನುಣ್ಣಗೆ ಮಾಡಿದ್ರೆ ಗೊರಸು ನಿಲ್ಲಾಕಿಲ್ಲ. ಹೋದ ಸಲ ಬಂದಾಗ ಎಲ್ಲಾ ಅಳೆದೆ, ನನ್ನ ಒಂದು ಮಾತು ಕೇಳ್ಲಿಲ್ಲ ನೀನು.”

ಊರಿಗೆ ಬಂದ ಕಾಳೋಜ ಯಾರ ಅಪ್ಪಣೆಯನ್ನೂ ಕಾಯದೆ, ತಾನೇ ಕೆತ್ತಿದ ಬಳ್ಳಿಯ ಕಲ್ಲಿಗೆ ಮೊದಲ ಪೆಟ್ಟು ಹಾಕಿದ ಎನ್ನುತ್ತಾರೆ. ರಾಣಿಯ ಹೊಂಡ ಒಡೆದವನನ್ನು ಹಿಡಿದು ತಂದಾಗ ನಾಯಕರ ಮುಂದೆ ಕಡಗ ಬಿಚ್ಚಿಟ್ಟು, ಇದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಬದಲಿಗೆ ಹೊಂಡಕ್ಕೆ ಸತ್ತ ಕತ್ತೆಯ ಹೆಸರಿಡಬೇಕು ಎಂದು ಬೇಡಿದನಂತೆ. ನಾಯಕರು ಅವನಿಗೆ ಹುಚ್ಚೆಂದು ಬಿಟ್ಟುಬಿಟ್ಟರು, ಹೆಸರಿಡಲಿಲ್ಲ. ಊರವರು ಇಟ್ಟರು. ಅವನು ಒರಟು ಚಪ್ಪಡಿಗಳನ್ನು ಒಬ್ಬನೇ ಹಾಸಿ ಮುಗಿಸಿ, ಪ್ರತಿ ಬೇಸಿಗೆಯಲ್ಲೂ ಪಾಲಕ್ಕನ ತಂಡ ಈ ಹಾದಿಯಲ್ಲಿ ಬರಬಹುದೆಂದು ಅಲ್ಲೇ ಕುಳಿತು ಕಾಯುತ್ತಿದ್ದ. ತಪ್ಪಾಯಿತು ಎಂಬ ಒಂದು ಮಾತನ್ನು ಅವಳಿಗೆ ಹೇಳಬೇಕಾಗಿತ್ತು. ಹನ್ನೊಂದನೆಯ ವರ್ಷ ಅವಳು ಬಂದಳು. ತಲೆ ನರೆತಿತ್ತು, ಜೊತೆಗೊಂದು ಎಳೆಯ ಕತ್ತೆಯಿತ್ತು. ಕತ್ತೆ ಚಪ್ಪಡಿಗಳ ಮೇಲೆ ಇಳಿಯಿತು, ನೀರು ಕುಡಿಯಿತು, ಹತ್ತಿ ಬಂತು. ಅವಳು ನಿಂತು ನೋಡಿ, ಒಂದು ಚಪ್ಪಡಿಯನ್ನು ಅಂಗಾಲಿನಿಂದ ಒತ್ತಿ, ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟುಹೋದಳು. ಹತ್ತು ಮಾರು ದೂರದಲ್ಲಿದ್ದ ಕಾಳೋಜ ಅವಳ ಹತ್ತಿರ ಹೋಗಲಿಲ್ಲ. ಹನ್ನೊಂದು ವರ್ಷ ಕಾದ ಮಾತು ಅವನ ಜೊತೆಗೇ ಮಣ್ಣಾಯಿತು.

ಈಗ ಹೋದರೂ ಆ ಚಪ್ಪಡಿಗಳ ಮೇಲೆ ಗೊರಸು ತುಳಿದು ತುಳಿದು ಬಿದ್ದ ತಗ್ಗುಗಳನ್ನು ಕಾಣಬಹುದು. ಮೇಕೆಗಳು, ಬೀದಿನಾಯಿಗಳು ಯಾರನ್ನೂ ಕೇಳದೆ ಇಳಿದು ಹತ್ತುತ್ತವೆ. ಹೋದ ವರ್ಷ ಬಂದಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ಬಲು ಅಂದವಾಗಿ ನಕ್ಷೆ ಬರೆದಿದ್ದಳು. ಕರಿಬಸಜ್ಜ ಹಾಳೆ ಈಸಿಕೊಂಡು ನೋಡಿದ. ಹೊಂಡದ ನಾಲ್ಕೂ ಮೂಲೆ ಚೊಕ್ಕವಾಗಿದ್ದವು. ಈಶಾನ್ಯದ ಪಕ್ಕದಲ್ಲಿ ಸಣ್ಣ ಅಕ್ಷರಗಳಿದ್ದವು: ‘ಇಲ್ಲಿ ಕುಸಿದಿದೆ, ಸರಿಪಡಿಸಬೇಕು.’ ಅಜ್ಜ ಕಥೆ ಹೇಳಿ ಮುಗಿಸಿದ. ಹುಡುಗಿ ರಬ್ಬರು ಹಿಡಿದು ಆ ಸಾಲನ್ನೂ ಆ ಮೂಲೆಯನ್ನೂ ಅಳಿಸಿದಳು. ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಅವಳು ಏಳಲಿಲ್ಲ.

“ಅಜ್ಜಾ, ಬೇಸಿಗೇಲಿ ನೀರು ಎಲ್ಲೀತನಕ ಇಳಿಯುತ್ತೆ?” ಎಂದು ಕೇಳಿದಳು.